ಅಢಾವೆ ಪತ್ರಿಕೆಯನ್ನು ಓದುವವರು

1905ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ, ಕೃಷಿ ಪತ್ತಿನ ಸಹಕಾರಿ ಸಂಘವೊಂದು ಹುಟ್ಟಿತು. ದೇಶದ ಮೊದಲ ಸಹಕಾರಿ ಸಂಘವೆಂದು ಅದು ಹೆಸರಾಗಿದೆ. ಆ ಗ್ರಾಮವು ಈಗ ಗದಗ ಜಿಲ್ಲೆಗೆ ಸೇರಿದೆ. ಆದರೆ ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿ ಭಾಗದ ಹಳ್ಳಿಗಳಲ್ಲಿಯೂ ಅಂತಹ ಸಂಘಗಳು ರೈತನ ಬಾಳಿಗೆ ಆಸರೆಯಾಗಿ ಬೆಳೆದಿವೆ.

ಪ್ರತಿ ವರ್ಷ ಸಂಘವು ತನ್ನ ಲೆಕ್ಕವನ್ನು ಸದಸ್ಯರ ಮುಂದಿಡುತ್ತದೆ. ವರ್ಷದ ಆದಾಯ-ವೆಚ್ಚಗಳನ್ನು ಲಾಭ-ಹಾನಿ ಪತ್ರಿಕೆಯು ಹೇಳಿದರೆ, ಸಂಘದ ಆಸ್ತಿ ಎಷ್ಟು, ತೀರಿಸಬೇಕಾದ ಹೊಣೆ ಎಷ್ಟು ಎಂಬುದನ್ನು ಅಢಾವೆ ಪತ್ರಿಕೆಯು ಹೇಳುತ್ತದೆ. ಮುಂದಿನ ವರ್ಷದ ನಿರೀಕ್ಷೆಯು ಅಂದಾಜು ಪತ್ರಿಕೆಯಲ್ಲಿರುತ್ತದೆ.

ಪತ್ರಿಕೆಗಳು ಅವೇ ಆದರೂ ಓದುವವರ ಪ್ರಶ್ನೆಗಳು ಬೇರೆ ಬೇರೆ. ಸಾಲ ಕೊಡುವ ಜಿಲ್ಲಾ ಸಹಕಾರಿ ಬ್ಯಾಂಕು, ಹಿಂದಿನ ಸಾಲ ಸಕಾಲಕ್ಕೆ ತೀರಿದೆಯೇ ಎಂದು ನೋಡುತ್ತದೆ. ಲೆಕ್ಕ ಪರಿಶೋಧಕನು ಪ್ರತಿ ಅಂಕಿಗೂ ಪಾವತಿಯ ಆಧಾರವನ್ನು ಕೇಳುತ್ತಾನೆ. ನೌಕರನಿಗೆ ತನ್ನ ಸಂಬಳದ ಚಿಂತೆ. ಠೇವಣಿ ಇಟ್ಟ ಮುದುಕಿಯು ತನ್ನ ಹಣ ಕ್ಷೇಮವೇ ಎಂದು ತಿಳಿಯಬಯಸುತ್ತಾಳೆ. ಬ್ಯಾಂಕಿನ ಠೇವಣಿಗಿರುವ ವಿಮೆಯ ರಕ್ಷಣೆ ಹಳ್ಳಿಯ ಪ್ರಾಥಮಿಕ ಪತ್ತಿನ ಸಂಘದ ಠೇವಣಿಗೆ ಇಲ್ಲವಾದುದರಿಂದ ಅವಳ ಪ್ರಶ್ನೆ ಸಣ್ಣದಲ್ಲ. ಬಿತ್ತನೆಗೆ ಸಾಲ ದೊರೆಯುವುದೇ ಎಂಬುದು ರೈತನ ಪ್ರಶ್ನೆ. ಅದಕ್ಕೆ ಉತ್ತರ ಅಂದಾಜು ಪತ್ರಿಕೆಯಲ್ಲಿದೆ. ಆದರೆ ಆ ಅಂದಾಜು ನಿಂತಿರುವುದು ನವಲಗುಂದದ ಕಡಲೆ, ಕುಂದಗೋಳದ ಮೆಣಸಿನಕಾಯಿ, ಕಲಘಟಗಿಯ ಭತ್ತಗಳ ಮೇಲೆ. ಮಳೆ ಕೈಕೊಟ್ಟರೆ ಸಾಲದ ವಸೂಲಿಯೂ ಕುಂಠಿತವಾಗುತ್ತದೆ. ಆದುದರಿಂದ ಅಂದಾಜನ್ನು ವಾಗ್ದಾನವೆಂದು ತಿಳಿಯಬಾರದು.

ವಿಷಾದದ ಸಂಗತಿಯೆಂದರೆ, ಅನೇಕ ಸದಸ್ಯರು ಲಾಭಾಂಶದ ಒಂದು ಸಾಲನ್ನು ಕೇಳಿ ತೃಪ್ತರಾಗುತ್ತಾರೆ. ಒಂದು ಸಂಘಕ್ಕೆ ಒಂದು ಲಕ್ಷ ರೂಪಾಯಿ ಲಾಭವಾಗಿದೆ ಎಂದು ಭಾವಿಸಬಹುದು. ಅದೇ ಸಂಘದಲ್ಲಿ ಅವಧಿ ಮೀರಿದ ಸಾಲ ಹತ್ತು ಲಕ್ಷವಿದ್ದರೆ ಆ ಲಾಭದ ಬೆಲೆ ಏನು? ಬರಬೇಕಾದ ಹಣವೂ ಅಢಾವೆಯಲ್ಲಿ ಆಸ್ತಿಯೆಂದೇ ಬರೆಯಲ್ಪಡುತ್ತದೆ. ಅದು ಬಂದೇ ಬರುವುದೆಂಬ ಭರವಸೆಯನ್ನು ಅಂಕಿ ಕೊಡಲಾರದು. ಒಂದು ಪತ್ರಿಕೆಯಲ್ಲಿ ಮರೆಯಾದುದು ಇನ್ನೊಂದರಲ್ಲಿ ಬೆಳಕಿಗೆ ಬರುತ್ತದೆ. ಆದ್ದರಿಂದ ಎಲ್ಲವನ್ನೂ ಕೂಡಿಸಿ ಓದಬೇಕು.

ಕಂಪನಿಯಲ್ಲಿ ಶೇರುಗಳು ಹೆಚ್ಚಿದಂತೆ ಮತಗಳೂ ಹೆಚ್ಚುತ್ತವೆ. ಸಹಕಾರಿ ಸಂಘದಲ್ಲಿ ಎರಡೆಕರೆಯ ರೈತನಿಗೂ ಇಪ್ಪತ್ತೆಕರೆಯ ರೈತನಿಗೂ ಒಂದೊಂದೇ ಮತ. ಈ ಸಮಾನತೆ ಅಮೂಲ್ಯವಾದುದು. ಆದರೆ ಲೆಕ್ಕವನ್ನು ಅರಿಯದೆ ಎತ್ತಿದ ಕೈ, ತನ್ನ ಅಧಿಕಾರವನ್ನು ಬೇರೆಯವರಿಗೆ ಒಪ್ಪಿಸಿದಂತೆಯೇ ಸರಿ. ಪ್ರಶ್ನೆ ಕೇಳುವುದು ಆಡಳಿತ ಮಂಡಳಿಯ ಮೇಲಿನ ಅವಿಶ್ವಾಸವಲ್ಲ. ಪ್ರಾಮಾಣಿಕವಾಗಿ ದುಡಿಯುವವನಿಗೆ ಅದೇ ರಕ್ಷೆ.

ಮನೆಗೆ ಬಂದ ವಾರ್ಷಿಕ ವರದಿ ಗೂಡಿನಲ್ಲಿ ಧೂಳು ಹಿಡಿಯಬಾರದು. ಕೂಡಿಸಿ ಕಳೆಯಬಲ್ಲ ಮಗನೋ ಮಗಳೋ ಅದನ್ನು ಹಿರಿಯರಿಗೆ ಓದಿ ಹೇಳಿದರೆ, ಶಾಲೆಯ ಗಣಿತವು ಊರಿನ ಹಣಕ್ಕೆ ಕಾವಲಾಗುತ್ತದೆ.