ಹಳೆಯ ವಾಹನದ ಹಿಂದಿನ ಎಣ್ಣೆ ಮತ್ತು ಮನೆಯಂಗಳದ ದುರಸ್ತಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ಸೀಮೆಯಲ್ಲಿ ಹದಿನೈದು, ಇಪ್ಪತ್ತು ವರ್ಷ ದಾಟಿದ ಜೀಪು, ಓಮ್ನಿ, ಸುಮೊ, ಕ್ವಾಲಿಸ್‌ಗಳು ಇಂದಿಗೂ ಓಡುತ್ತಿರುವುದಕ್ಕೆ ಹಳೆಯದರ ಮೇಲಿನ ಮೋಹಕ್ಕಿಂತ ಬದುಕಿನ ಅಗತ್ಯವೇ ಮುಖ್ಯ ಕಾರಣ. ಈ ನಾಲ್ಕು ಪಟ್ಟಣಗಳ ಪೈಕಿ ರೈಲು ನಿಲ್ದಾಣವಿರುವುದು ಮೈಸೂರು–ಹಾಸನ ಮಾರ್ಗದ ಕೆ.ಆರ್. ನಗರದಲ್ಲಿ ಮಾತ್ರ; ಉಳಿದೆಡೆ ಬಸ್ಸು ತಪ್ಪಿದರೆ ಸ್ವಂತ ಗಾಡಿಯೇ ಗತಿಯಾಗಿದ್ದು, ಅದೇ ಗಾಡಿ ಹೊಲಕ್ಕೆ ಗೊಬ್ಬರವನ್ನೂ, ಸಂತೆಗೆ ಶುಂಠಿಯನ್ನೂ, ಆಸ್ಪತ್ರೆಗೆ ರೋಗಿಯನ್ನೂ ಹೊರಬೇಕಾಗುತ್ತದೆ. ಇಂಥ ವಾಹನಗಳ ಎಂಜಿನ್ ಆಯಿಲ್ ಬದಲಾಯಿಸುವ ವಿಚಾರದಲ್ಲಿ ಮಾಲೀಕರು ತಕ್ಕಮಟ್ಟಿಗೆ ಎಚ್ಚರದಿಂದಿದ್ದರೂ, ಹಿಂದಿನ ಆಕ್ಸಲ್‌ನ ನಡುವೆ ಗುಂಡಗೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್‌ನ ಎಣ್ಣೆ ಮಾತ್ರ ಸದ್ದು ಶುರುವಾಗುವ ತನಕ ಯಾರ ನೆನಪಿಗೂ ಬರುವುದಿಲ್ಲ. ಈ ಎಣ್ಣೆಯನ್ನು ಮನೆಯಂಗಳದಲ್ಲಿಯೇ ಬದಲಾಯಿಸಬಹುದು, ಬದಲಾಯಿಸುವುದು ಲಾಭಕರವೂ ಹೌದು. ಆದರೆ ಅದಕ್ಕೆ ಬೇಕಾದ ತಿಳಿವಳಿಕೆಯನ್ನು ಕನ್ನಡದಲ್ಲಿ ಒದಗಿಸುವ ಹೊಣೆಯನ್ನಾಗಲಿ, ಹೊರಬಂದ ಹಳೆಯ ಎಣ್ಣೆಯನ್ನು ವಾಪಸು ಪಡೆಯುವ ಹೊಣೆಯನ್ನಾಗಲಿ ವಾಹನ ಮತ್ತು ಎಣ್ಣೆ ಮಾರುವವರು ಸರಿಯಾಗಿ ಹೊತ್ತಿಲ್ಲ.

ವಾಹನ ತಿರುವಿನಲ್ಲಿ ಸಾಗುವಾಗ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಕ್ರಮಿಸಬೇಕಾಗುವುದರಿಂದ, ಎರಡಕ್ಕೂ ಎಂಜಿನ್ನಿನ ಬಲವನ್ನು ಹಂಚುತ್ತಲೇ ಬೇರೆ ಬೇರೆ ವೇಗದಲ್ಲಿ ಸುತ್ತಲು ಅವಕಾಶ ಕೊಡುವ ಗೇರುಗಳ ಜೋಡಣೆಗೆ ಡಿಫರೆನ್ಷಿಯಲ್ ಎಂದು ಹೆಸರು. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕರ್ ಉಗಿಗಾಡಿಗಾಗಿ ಇದಕ್ಕೆ ಪೇಟೆಂಟ್ ಪಡೆದ ಬಳಿಕ ಮೂಲತತ್ವ ಹೆಚ್ಚು ಬದಲಾಗಿಲ್ಲ. ಮಾರುತಿ 800ರಂತೆ ಮುಂದಿನ ಚಕ್ರಗಳಿಂದ ಎಳೆಯಲ್ಪಡುವ ಕಾರುಗಳಲ್ಲಿ ಈ ಜೋಡಣೆ ಗೇರ್‌ಬಾಕ್ಸಿನೊಳಗೇ ಅಡಗಿದ್ದು ಅಲ್ಲಿಯ ಎಣ್ಣೆಯನ್ನೇ ಹಂಚಿಕೊಳ್ಳುತ್ತದೆ. ಆದರೆ 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್, 1984ರಿಂದ 2019ರವರೆಗೆ ಮಾರಾಟವಾದ ಓಮ್ನಿ, ಮಹೀಂದ್ರಾ ಜೀಪು, ಬೊಲೆರೊ, ಟಾಟಾ ಸುಮೊ, ಟೊಯೋಟಾ ಕ್ವಾಲಿಸ್ ಇವೆಲ್ಲ ಹಿಂದಿನ ಚಕ್ರಗಳಿಂದ ನೂಕಲ್ಪಡುವ ವಾಹನಗಳಾದ್ದರಿಂದ, ಇವುಗಳ ಡಿಫರೆನ್ಷಿಯಲ್ ಪ್ರತ್ಯೇಕ ಕವಚದಲ್ಲಿದ್ದು ತನ್ನದೇ ಎಣ್ಣೆಯನ್ನು ಬೇಡುತ್ತದೆ.

ಆ ಎಣ್ಣೆ ಸಾಮಾನ್ಯವಾದದ್ದಲ್ಲ. ಎಂಜಿನ್ನಿನ ಬಲವನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಚಿಕ್ಕ ಗೇರು ಪಿನಿಯನ್, ಅದರಿಂದ ತಿರುಗುವ ದೊಡ್ಡ ಬಳೆಗೇರು ಕ್ರೌನ್ ವೀಲ್; ಗ್ಯಾರೇಜುಗಳಲ್ಲಿ ಎರಡನ್ನೂ ಕೂಡಿಸಿ ಕ್ರೌನ್ ಪಿನಿಯನ್ ಎನ್ನುತ್ತಾರೆ. 1920ರ ದಶಕದಲ್ಲಿ ಅಮೆರಿಕದ ಪ್ಯಾಕರ್ಡ್ ಕಾರುಗಳಿಂದ ಆರಂಭವಾಗಿ ಪ್ರಪಂಚದಾದ್ಯಂತ ಹರಡಿದ ಹೈಪಾಯ್ಡ್ ಎಂಬ ವಿನ್ಯಾಸದಲ್ಲಿ ಪಿನಿಯನ್ ಅನ್ನು ಕ್ರೌನ್ ವೀಲಿನ ಕೇಂದ್ರರೇಖೆಗಿಂತ ಕೆಳಗೆ ಕೂರಿಸಲಾಗುತ್ತದೆ. ಇದರಿಂದ ಹಲ್ಲುಗಳು ದೊಡ್ಡದಾಗಿ, ಬಲವಾಗಿ, ನಿಶ್ಶಬ್ದವಾಗಿ ಕೂಡಿಕೊಳ್ಳುತ್ತವಾದರೂ ಒಂದರ ಮೇಲೊಂದು ಉರುಳುವುದರ ಜೊತೆಗೆ ಭಾರಿ ಒತ್ತಡದಲ್ಲಿ ಜಾರುತ್ತಲೂ ಇರುತ್ತವೆ. ಮಾಮೂಲಿ ಎಣ್ಣೆಯ ಪೊರೆ ಆ ಒತ್ತಡಕ್ಕೆ ಹಿಂಡಿಹೋಗುವುದರಿಂದ, ಹಲ್ಲಿನ ಲೋಹದೊಡನೆ ರಾಸಾಯನಿಕವಾಗಿ ಬೆರೆತು ತೆಳುವಾದ ರಕ್ಷಾಪದರ ಕಟ್ಟುವ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಗೇರ್ ಆಯಿಲ್‌ಗೆ ಸೇರಿಸಲಾಗುತ್ತದೆ. ಡಬ್ಬದ ಮೇಲಿನ ಇಪಿ ಎಂಬ ಎರಡಕ್ಷರ ಸೂಚಿಸುವುದು ಅತಿಯಾದ ಒತ್ತಡವನ್ನು ತಾಳುವ ಈ ಗುಣವನ್ನೇ, ಮುಚ್ಚಳ ತೆಗೆದೊಡನೆ ಮೂಗಿಗೆ ಅಡರುವ ದುರ್ವಾಸನೆಯೂ ಆ ಗಂಧಕದ್ದೇ. ಒಮ್ಮೆ ಅಂಗಿಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗದ ಈ ವಾಸನೆಯೂ ಕೆಲಸವನ್ನು ಮುಂದೂಡುತ್ತ ಹೋಗುವುದಕ್ಕೆ ಒಂದು ಕಾರಣವಾಗಿರಬಹುದು.

ಡಬ್ಬದ ಮೇಲಿನ ಸಂಖ್ಯೆಗಳ ಬಗೆಗೂ ಗೊಂದಲ ಸಾಕಷ್ಟಿದೆ. ಅಂಗಡಿಗಳಲ್ಲಿ 90 ನಂಬರ್ ಎಂದು ಕೇಳಿ ಪಡೆಯುವ ಗೇರ್ ಆಯಿಲ್ ಎಂಜಿನ್ನಿನ 40 ನಂಬರ್ ಎಣ್ಣೆಗಿಂತ ಎರಡು ಪಟ್ಟು ದಪ್ಪ ಎಂದು ಭಾವಿಸುವವರಿದ್ದಾರೆ. ವಾಸ್ತವವಾಗಿ ಇವು ಎರಡು ಬೇರೆ ಅಳತೆಗೋಲುಗಳಾಗಿದ್ದು, 90ರ ಗೇರ್ ಆಯಿಲ್ ಸ್ನಿಗ್ಧತೆಯಲ್ಲಿ, ಅಂದರೆ ಹರಿಯುವಿಕೆಗೆ ತೋರುವ ಪ್ರತಿರೋಧದಲ್ಲಿ, ಸುಮಾರಾಗಿ 40 ಅಥವಾ 50ರ ಎಂಜಿನ್ ಆಯಿಲ್‌ಗೆ ಹತ್ತಿರವಾಗಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಜಿಎಲ್-4, ಜಿಎಲ್-5 ಎಂಬ ದರ್ಜೆ. ಹೈಪಾಯ್ಡ್ ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಬೇಕಾಗುವುದು ಜಿಎಲ್-5. ಅದೇ ಡಬ್ಬದಿಂದ ಗೇರ್‌ಬಾಕ್ಸಿಗೂ ಸುರಿದರೆ ಹಳೆಯ ಗೇರ್‌ಬಾಕ್ಸುಗಳಲ್ಲಿರುವ ಹಿತ್ತಾಳೆಯ ಬಳೆಗಳನ್ನು ಅದರ ರಾಸಾಯನಿಕಗಳು ಸವೆಸುವ ಅಪಾಯವಿರುತ್ತದೆ. ಇನ್ನು 140 ನಂಬರಿನ ದಪ್ಪ ಎಣ್ಣೆಯನ್ನು ಸುರಿದು ಸವೆದ ಕ್ರೌನ್ ಪಿನಿಯನ್ನಿನ ಊಳನ್ನು ಅಡಗಿಸುವುದು ಹಳೆಯ ಗಾಡಿ ಮಾರುವವರ ಹಳೆಯ ಕೈಚಳಕ, ಕೊಳ್ಳುವವರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಈ ಸೀಮೆಯ ನೆಲ ಮತ್ತು ನೀರು ಡಿಫರೆನ್ಷಿಯಲ್‌ಗೆ ಒಡ್ಡುವ ಪರೀಕ್ಷೆ ನಗರದ ರಸ್ತೆಗಳಿಗಿಂತ ಬೇರೆ ತೆರನಾದದ್ದು. ತಂಬಾಕಿನ ಹಸಿ ಎಲೆಯನ್ನು ಹೊಲದಿಂದ ಬ್ಯಾರನ್ನಿಗೆ, ಅಂದರೆ ಎಲೆ ಹದಗೊಳಿಸುವ ಮನೆಗೆ, ಸಾಗಿಸುವ ತಿಂಗಳುಗಳು ಮಳೆಗಾಲದಲ್ಲಿಯೇ ಬೀಳುವುದರಿಂದ, ಹೊಲದ ದಾರಿಯ ಕೆಸರಿನಲ್ಲಿ ಒಂದು ಚಕ್ರ ಹೂತು ನಿಂತು ಇನ್ನೊಂದು ಸುಮ್ಮನೆ ಗಿರ್ರನೆ ಸುತ್ತುವ ದೃಶ್ಯ ಅಲ್ಲಿ ಸಾಮಾನ್ಯ. ನೇರ ರಸ್ತೆಯಲ್ಲಿ ಹೆಚ್ಚುಕಡಿಮೆ ವಿಶ್ರಾಂತಿಯಲ್ಲಿರುವ ಡಿಫರೆನ್ಷಿಯಲ್‌ನ ಒಳಗಿನ ಚಿಕ್ಕ ಗೇರುಗಳು, ಗ್ಯಾರೇಜಿನ ಮಾತಿನಲ್ಲಿ ಸ್ಟಾರ್ ಪಿನಿಯನ್‌ಗಳು, ಆ ಹೊತ್ತಿನಲ್ಲಿ ತಮ್ಮ ಅಡ್ಡಕಡ್ಡಿಯ ಮೇಲೆ ವಿಪರೀತ ವೇಗದಲ್ಲಿ ತಿರುಗತೊಡಗುತ್ತವೆ. ಎಣ್ಣೆ ಕಡಿಮೆಯಿದ್ದರೆ ಅಥವಾ ಸತ್ವ ಕಳೆದುಕೊಂಡಿದ್ದರೆ ಕೆಲವೇ ನಿಮಿಷಗಳಲ್ಲಿ ಕಡ್ಡಿ ಕಚ್ಚಿಕೊಳ್ಳುತ್ತದೆ. ಚಾಲಕ ಸಿಟ್ಟಿನಿಂದ ಆಕ್ಸಲರೇಟರ್ ತುಳಿದಷ್ಟೂ ಹಾನಿ ಹೆಚ್ಚು.

ನೀರಿನ ಹಾನಿ ಇನ್ನೂ ಮೌನವಾದದ್ದು. ಓಡಿ ಬಿಸಿಯಾದ ಆಕ್ಸಲ್‌ನೊಳಗಿನ ಗಾಳಿ ಹಿಗ್ಗಿ ಹೊರಹೋಗಲೆಂದು ಮೇಲ್ಭಾಗದಲ್ಲಿ ಬ್ರೀದರ್ ಎಂಬ ಚಿಕ್ಕ ಉಸಿರುಗಂಡಿ ಇರುತ್ತದೆ. ಅದೇ ಆಕ್ಸಲ್ ಲಕ್ಷ್ಮಣತೀರ್ಥದ ಹಳ್ಳದಲ್ಲೋ, ಕೆ.ಆರ್. ನಗರದ ನಾಲೆ ಬಯಲಿನ ಗದ್ದೆದಾರಿಯಲ್ಲೋ, ಕಬಿನಿ ಹಿನ್ನೀರಿನ ಅಂಚಿನಲ್ಲೋ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ ನಿರ್ವಾತ ಉಂಟಾಗುತ್ತದೆ, ಬ್ರೀದರ್ ಮಣ್ಣಿನಿಂದ ಮುಚ್ಚಿಹೋಗಿದ್ದರೆ ಆ ಸೆಳೆತ ಹಳೆಯ ಆಯಿಲ್ ಸೀಲುಗಳ ಅಂಚಿನಿಂದಲೇ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಬೆರೆತ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿ ಬೇರಿಂಗುಗಳಿಗೆ ತುಕ್ಕು ಹಿಡಿಸುತ್ತದೆ. ಕೈಪಿಡಿಗಳು ಸಾಮಾನ್ಯವಾಗಿ ಹೇಳುವ 40,000 ಕಿ.ಮೀ. ಆಸುಪಾಸಿನ ಅವಧಿ ಒಣ ರಸ್ತೆಯ ಲೆಕ್ಕವಾದ್ದರಿಂದ, ಆಕ್ಸಲ್ ಮುಳುಗುವಷ್ಟು ನೀರಿಗಿಳಿದ ವಾಹನದ ಎಣ್ಣೆಯನ್ನು ಕಿಲೊಮೀಟರ್ ನೋಡದೆ ಪರೀಕ್ಷಿಸುವುದೇ ಸರಿ.

ಇಷ್ಟಾದರೂ ವೆಚ್ಚದ ದೃಷ್ಟಿಯಿಂದ ಎಣ್ಣೆ ಬದಲಾಯಿಸುವುದಕ್ಕಿಂತ ಅಗ್ಗದ ರಕ್ಷಣೆ ಮತ್ತೊಂದಿಲ್ಲ. ಗಾಡಿಯನ್ನು ಅವಲಂಬಿಸಿ ಸುಮಾರು ಒಂದರಿಂದ ಎರಡೂವರೆ ಲೀಟರು ಹಿಡಿಯುವ ಈ ಎಣ್ಣೆಗೆ ಲೀಟರಿಗೆ ಕೆಲವು ನೂರು ರೂಪಾಯಿ ಸಾಕು; ಹಾಳಾದ ಕ್ರೌನ್ ಪಿನಿಯನ್ ಬದಲಾಯಿಸಲು ಸಾವಿರಗಳಲ್ಲಿ ಎಣಿಸಬೇಕು, ಹಳೆಯ ಮಾದರಿಗಳಿಗೆ ಬಿಡಿಭಾಗವೇ ಸಿಗದಿರುವುದೂ ಉಂಟು. ಮನೆಯಲ್ಲಿಯೇ ಬದಲಾಯಿಸಿದರೆ ಮೆಕ್ಯಾನಿಕ್‌ನ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲ, ಏಕೆಂದರೆ ಕೂಲಿ ಕಡಿಮೆ, ಕೊಳೆ ಹೆಚ್ಚು ಇರುವ ಈ ಕೆಲಸ ಬಹುಪಾಲು ಗ್ಯಾರೇಜುಗಳಲ್ಲಿ ಕೇಳದಿದ್ದರೆ ನಡೆಯುವುದೇ ಇಲ್ಲ.

ಕೆಲಸದ ಕ್ರಮ ಸರಳವಾದರೂ ಅದರಲ್ಲಿ ತಪ್ಪಿದರೆ ತಲೆಗೆ ಬರುವ ಎರಡು ಸಂಗತಿಗಳಿವೆ. ಹತ್ತು ಕಿ.ಮೀ. ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಗಾಡಿಯನ್ನು ಕಣದಂಥ ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಮೊದಲು ಕವಚದ ಮಧ್ಯಭಾಗದಲ್ಲಿರುವ ತುಂಬುವ ಬಿರಡೆಯನ್ನೇ ಸಡಿಲಿಸಬೇಕು. ತುಕ್ಕು ಹಿಡಿದ ಆ ಬಿರಡೆ ಬರಲೊಲ್ಲದು ಎಂಬುದು ತಳದ ಬಿರಡೆ ತೆಗೆದು ಎಣ್ಣೆಯೆಲ್ಲ ಸೋರಿದ ಮೇಲೆ ತಿಳಿದರೆ ಗಾಡಿ ಅಲ್ಲಿಂದ ಕದಲುವಂತಿಲ್ಲ. ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಹಿಂಬದಿಯ ಚಕ್ರಗಳನ್ನು ಮೇಲೆತ್ತಿದಾಗ ಹ್ಯಾಂಡ್ ಬ್ರೇಕ್ ಹಿಡಿಯುವುದೂ, ಗೇರು ತಡೆಯುವುದೂ ಗಾಳಿಯಲ್ಲಿರುವ ಆ ಚಕ್ರಗಳನ್ನೇ ಆದ್ದರಿಂದ, ನೆಲದ ಮೇಲಿರುವ ಮುಂದಿನ ಚಕ್ರಗಳು ಯಾವ ತಡೆಯೂ ಇಲ್ಲದೆ ಉರುಳಬಲ್ಲವು. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಗಳ ಬದಲು ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವುದರಿಂದ, ಒಂದೇ ಹಿಂಚಕ್ರವನ್ನು ಎತ್ತಿದರೂ ಡಿಫರೆನ್ಷಿಯಲ್‌ನ ಗುಣದಿಂದಾಗಿ ಎತ್ತಿದ ಚಕ್ರ ಹಿಮ್ಮುಖವಾಗಿ ತಿರುಗಿ ನೆಲದ ಚಕ್ರ ಉರುಳಲು ದಾರಿ ಮಾಡಿಕೊಡುತ್ತದೆ. ಮುಂದಿನ ಚಕ್ರಗಳ ಎರಡೂ ಬದಿಗೆ ಅಡ್ಡಗಲ್ಲು ಕೊಡದೆ, ಜಾಕಿನ ಜೊತೆಗೆ ಕಬ್ಬಿಣದ ಸ್ಟ್ಯಾಂಡ್ ಇಡದೆ ಗಾಡಿಯಡಿ ತೂರಬಾರದು. ಎತ್ತರದ ಜೀಪು, ಸುಮೊಗಳಿಗೆ ಎತ್ತುವ ಅಗತ್ಯವೇ ಬಾರದೆ ಮಲಗಿಕೊಂಡೇ ಕೈಯಾಡಿಸಬಹುದು, ಅದೇ ಉತ್ತಮ.

ತಳದ ಬಿರಡೆಯ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ ಬೂದುಬಣ್ಣದ ನುಣ್ಣನೆಯ ಕೆಸರು ಸಹಜ ಸವೆತದ ಗುರುತು. ಉಗುರಿಗೆ ತಾಕುವ ಚೂರು ಅಥವಾ ಹಲ್ಲಿನ ತುಣುಕು ಸಿಕ್ಕರೆ ಹೊಸ ಎಣ್ಣೆಗೆ ಮೊದಲು ಮೆಕ್ಯಾನಿಕ್ ಬೇಕು. ತಳದ ಬಿರಡೆಯೇ ಇಲ್ಲದ ಆಕ್ಸಲ್‌ಗಳಲ್ಲಿ ಹಿಂದಿನ ಮುಚ್ಚಳದ ಮೇಲಿನ ಬೋಲ್ಟುಗಳನ್ನು ಹಾಗೇ ಬಿಟ್ಟು ಕೆಳಗಿನವನ್ನು ಸಡಿಲಿಸಿ ಎಣ್ಣೆ ಇಳಿಸಬೇಕು, ಹೊಸ ಗ್ಯಾಸ್ಕೆಟ್ ಹಾಕಿಯೇ ಮುಚ್ಚಬೇಕು. ಬ್ರೀದರಿನ ಮಣ್ಣನ್ನು ತೆಗೆದು, ತುಂಬುವ ರಂಧ್ರದ ಕೆಳ ಅಂಚಿಗೆ ಹೊಸ ಎಣ್ಣೆ ಬಂದು ತಾನಾಗಿ ಹೊರಸೂಸುವವರೆಗೆ ಹಾಕಿದರೆ ಅಳತೆ ಸರಿಯಾಯಿತೆಂದು ಅರ್ಥ. ಇನ್ನಷ್ಟಿರಲಿ ಎಂದು ಗಾಡಿಯನ್ನು ಓರೆ ನಿಲ್ಲಿಸಿ ತುಂಬಿದರೆ ಹೆಚ್ಚಾದ ಎಣ್ಣೆ ಸೀಲು ದಾಟಿ ಬ್ರೇಕ್ ಲೈನರ್‌ಗೆ ಹರಿಯುತ್ತದೆ. ಮನೆಗೆಲಸದ ಗಡಿ ಇಲ್ಲಿಗೆ ಮುಗಿಯುತ್ತದೆ. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಸಂದನ್ನು ಡಯಲ್ ಗೇಜಿನಿಂದ ಅಳೆದು, ತೆಳು ಬಿಲ್ಲೆಗಳನ್ನಿಟ್ಟು ಕೂರಿಸುವುದು ನುರಿತ ಕೈಗಳ ಕೆಲಸ.

ಉಳಿಯುವ ಪ್ರಶ್ನೆ ಹಳೆಯ ಎಣ್ಣೆಯದು. ಹಳ್ಳಿಗಳಲ್ಲಿ ಅದು ಬೇಲಿಯ ಗೂಟಕ್ಕೋ ಹಟ್ಟಿಯ ತೊಲೆಗೋ ಗೆದ್ದಲು ಹಿಡಿಯದಂತೆ ಬಳಿಯಲ್ಪಡುತ್ತದೆ, ಮಿಕ್ಕದ್ದು ಹಿತ್ತಿಲ ಮಣ್ಣಿಗೆ. ಮಿತವ್ಯಯದಂತೆ ಕಾಣುವ ಈ ರೂಢಿಯಲ್ಲಿ ಲೋಹದ ಕಣಗಳೂ ಗಂಧಕದ ಸಂಯುಕ್ತಗಳೂ ಕೊಳವೆಬಾವಿಯ ದಾರಿ ಹಿಡಿಯುವ ಅಪಾಯವಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ 2023ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಬಳಸಿದ ಎಣ್ಣೆಯ ಮರುಸಂಸ್ಕರಣೆಯ ಹೊಣೆ 2024ರ ಏಪ್ರಿಲ್ 1ರಿಂದ ಎಣ್ಣೆ ಉತ್ಪಾದಕರ ಮೇಲೆಯೇ ಬಿದ್ದಿದೆ. ಆದರೆ ಪೀಪಾಯಿಗಟ್ಟಲೆ ಎಣ್ಣೆ ಸೇರುವ ದೊಡ್ಡ ವರ್ಕ್‌ಶಾಪುಗಳನ್ನು ತಲುಪುವ ಈ ವ್ಯವಸ್ಥೆ, ಸರಗೂರು ಕಡೆಯ ರೈತನ ಕೈಯಲ್ಲಿರುವ ಒಂದೂವರೆ ಲೀಟರನ್ನು ತಲುಪುವ ಬಗೆಯನ್ನು ಯೋಚಿಸಿದಂತಿಲ್ಲ.

ಇದೇ ಕೊರತೆ ತಿಳಿವಳಿಕೆಯ ವಿಚಾರದಲ್ಲಿಯೂ ಇದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ ದುರಸ್ತಿಯ ಹಕ್ಕಿನ ಜಾಲತಾಣದಲ್ಲಿ ವಾಹನ ಮತ್ತು ಕೃಷಿ ಯಂತ್ರೋಪಕರಣಗಳೂ ಸೇರಿವೆ ಎಂಬುದು ಸ್ವಾಗತಾರ್ಹವಾದರೂ, ಎಣ್ಣೆಯ ದರ್ಜೆ, ಪ್ರಮಾಣ, ಬಿರಡೆಯ ಬಿಗಿತದಂಥ ವಿವರಗಳು ಇಂಗ್ಲಿಷಿನ ಕೈಪಿಡಿಯಲ್ಲಿಯೇ ಉಳಿದರೆ ಆ ಹಕ್ಕು ಕಾಗದದ ಮೇಲಿನದಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು 600 ರೂಪಾಯಿಯಿಂದ 5,000ಕ್ಕೆ ಏರಿಸಿದ ಸರ್ಕಾರ, ಹುಣಸೂರಿನ ಕೆಎ-45 ಸರಣಿಯ ಹಳೆಯ ಗಾಡಿಯ ಮಾಲೀಕನಿಂದ ಶುಲ್ಕ ಪಡೆಯುವಾಗ ಆ ಗಾಡಿಯನ್ನು ಸುಸ್ಥಿತಿಯಲ್ಲಿಡುವ ಎರಡು ಪುಟದ ಕನ್ನಡ ಮಾಹಿತಿಯನ್ನಾದರೂ ಕೈಗೆ ಕೊಡಬಹುದು.

ಗೇರ್ ಆಯಿಲ್ ಮಾರುವ ಪೆಟ್ರೋಲ್ ಬಂಕುಗಳೇ ಹಳೆಯ ಎಣ್ಣೆಯನ್ನು ವಾಪಸು ಪಡೆಯುವ ಪೀಪಾಯಿಯನ್ನೂ ಇಡಬೇಕೆಂದು ತೈಲ ಕಂಪನಿಗಳು ಸೂಚಿಸಿದರೆ ನಾಲ್ಕೂ ತಾಲ್ಲೂಕುಗಳಲ್ಲಿ ಹೊಸ ಕಟ್ಟಡವಾಗಲಿ ಹೊಸ ಹುದ್ದೆಯಾಗಲಿ ಬೇಕಾಗುವುದಿಲ್ಲ. ಅಲ್ಲಿಯವರೆಗೆ ವಾಹನ ಮಾಲೀಕರು ಇಳಿಸಿದ ಎಣ್ಣೆಗೆ ನೀರನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಬೆರೆಸದೆ, ಹೊಸ ಎಣ್ಣೆ ಬಂದ ಡಬ್ಬದಲ್ಲಿಯೇ ತುಂಬಿ ಬಿಗಿದಿಟ್ಟು, ಮುಂದಿನ ಸಲ ಪೇಟೆಗೆ ಹೋಗುವಾಗ ವೇಸ್ಟ್ ಆಯಿಲ್ ಪೀಪಾಯಿ ಇರುವ ವರ್ಕ್‌ಶಾಪಿಗೆ ಒಪ್ಪಿಸಬೇಕು.