ಮನೆಯ ಮಾತು: ಉಣ್ಣದ ಅತಿಥಿ

ಹವಳಬಂಡೆಯ ಮಾದರಿಯಲ್ಲಿ ಕಲ್ಲು ಜೋಡಿಸಿದ ನಮ್ಮ ಉಪ್ಪುನೀರಿನ ತೊಟ್ಟಿಗೆ ರೀಗಲ್ ಏಂಜೆಲ್ ಮೀನೊಂದು ಬಂದು ಇಂದಿಗೆ ಒಂಬತ್ತು ದಿನ. ಕಿತ್ತಳೆ ಮೈಯ ಮೇಲೆ ನೀಲಿಯಂಚಿನ ಬಿಳಿಪಟ್ಟೆ. ಚೆಲುವೇನೋ ಸರಿ, ಊಟವೇ ಇಲ್ಲ! ಮಾರಿದವರು “ಎಲ್ಲಾ ತಿನ್ನುತ್ತದೆ” ಎಂದರು. ತಿನ್ನಿಸಿ ತೋರಿಸಿರೆನ್ನದೆ ಹಣ ಕೊಟ್ಟದ್ದು ನಮ್ಮ ತಪ್ಪು.

ಕೆಂಪು ಸಮುದ್ರದಿಂದ ಶಾಂತಸಾಗರದವರೆಗೆ ಹವಳದ ನಡುವೆ ಬಾಳುವ ಈ ಮೀನಿಗೆ ಬಂಡೆಗಂಟಿದ ಸ್ಪಂಜೇ ಮುಖ್ಯ ಆಹಾರ. ನಾವು ಉದುರಿಸುವ ಕಾಳು ತಿನಿಸೆಂದೇ ಅದಕ್ಕೆ ತೋರದು. ಮೇಲಾಗಿ ಅಂಜುಬುರುಕ, ಹಳೆಯ ಮೀನುಗಳು ಒಮ್ಮೆ ಅಟ್ಟಿದರೆ ಸಾಕು, ಪೊಟರೆ ಸೇರಿ ಉಪವಾಸ ಕೂರುತ್ತದೆ. ನೀರಿನ ಶಾಖ 25 ಡಿಗ್ರಿ ಮೀರದಂತೆ ಯಂತ್ರ ಕಾಯುತ್ತದೆ. ಹಸಿವೆಗೆ ಯಂತ್ರವೆಲ್ಲಿ?

ಕೊನೆಗೆ ನೆನಪಾದದ್ದು ನಮ್ಮೂರ ಮರುವಾಯಿ. ಮುಂಬಯಿಯ ಪೇಟೆಯಲ್ಲಿ ಅದೇ ‘ತಿಸ್ರ್ಯಾ’. ಬಾಯಿ ಬಿಡಿಸಿ, ಅರ್ಧ ಚಿಪ್ಪಿನೊಡನೆ ಪೊಟರೆಯ ಬಾಗಿಲಲ್ಲಿಟ್ಟೆವು. ದೀಪ ತಗ್ಗಿಸಿ, ಮಕ್ಕಳನ್ನು ದೂರ ಕೂರಿಸಿದೆವು. ವಾಚಕರಲ್ಲಿ ಯಾರಾದರೂ ಹೀಗೆ ಮಾಡುವುದಾದರೆ ಉಳಿದ ಚೂರನ್ನು ಮರೆಯದೆ ತೆಗೆಯಿರಿ. ನೀರು ಬೇಗ ಕೆಡುತ್ತದೆ.

ನಿನ್ನೆಯವರೆಗೆ ಹತ್ತಿರ ಬಂದು ಹಿಂದಿರುಗುತ್ತಿತ್ತು. ಇಂದು ಬೆಳಿಗ್ಗೆ ಮೂರು ಸಲ ಕುಟುಕಿತು. ಮನೆಯಾಕೆಯ ಲೆಕ್ಕದಲ್ಲಿ ನಾಲ್ಕು. ಸಂಜೆಗೆ ಮತ್ತೆ ಮರುವಾಯಿ ತರಬೇಕು.