ಎಂಬಿಎ ಮುಗಿಸಿ ಕಂತು ವಸೂಲಿಗೆ

ಕಳೆದ ಯುಗಾದಿಗೆ ಊರಿಗೆ ಹೋಗಿದ್ದೆ. ಕಂಪ್ಲಿಯಿಂದ ಸ್ವಲ್ಪ ಒಳಗೆ ನಮ್ಮೂರು. ಬೆಳಿಗ್ಗೆ ಏಳೂವರೆಗೆ ಪಕ್ಕದ ಮನೆ ಮುಂದೆ ಬೈಕ್ ನಿಂತ ಸದ್ದಾಯಿತು. ಹೊರಗೆ ಬಂದು ನೋಡಿದರೆ ನಮ್ಮ ಚಿಕ್ಕಪ್ಪನ ಮಗ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟ್ಯಾಬು. ರಜೆ ಹಾಕಿದ್ದ ಇನ್ನೊಬ್ಬನ ಬದಲಿಗೆ ಅವತ್ತು ನಮ್ಮೂರಿನ ಕಂತು ವಸೂಲಿ ಇವನ ಪಾಲಿಗೆ ಬಂದಿತ್ತು. ಪಕ್ಕದ ಮನೆಯಾಕೆ ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುತ್ತಿದ್ದಳು. ನಾನೂರು ರೂಪಾಯಿ ಕಡಿಮೆ ಬಿತ್ತು. ಇವನು ತಲೆ ಎತ್ತದೆ, "ಅತ್ತಿ, ಗ್ರೂಪಿನವರ ಕಡಿಂದ ತುಂಬಿಸ್ರಿ, ನನ್ನ ಟಾರ್ಗೆಟ್ ಹೋಗ್ತೈತಿ" ಅಂದ. ಚಿಕ್ಕವನಿದ್ದಾಗ ಇವನನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗಿದವಳು ಆಕೆ.

ಈ ಹುಡುಗ ಎಂಬಿಎ. ಫೈನಾನ್ಸ್ ಸ್ಪೆಷಲೈಸೇಷನ್, ಫಸ್ಟ್ ಕ್ಲಾಸ್. ಯಾವ ಕಾಲೇಜು ಅಂತ ಹೇಳೋದಿಲ್ಲ. ಹೇಳಿದರೆ ಜಗಳ ಆ ಒಂದು ಕಾಲೇಜಿನ ಮೇಲೆ ಬೀಳುತ್ತದೆ, ಉಳಿದವರೆಲ್ಲ ತಪ್ಪಿಸಿಕೊಳ್ಳುತ್ತಾರೆ.

ಸಂಜೆ ಕಟ್ಟೆ ಮೇಲೆ ಕೂತು ಕೇಳಿದೆ, ಎರಡು ವರ್ಷ ಏನು ಕಲಿತೆ ಅಂತ. ಫೋರ್ ಪಿ ಅಂದ, ಪೋರ್ಟರ್‌ನ ಫೈವ್ ಫೋರ್ಸಸ್ ಅಂದ, ಸ್ವಾಟ್ ಅನಾಲಿಸಿಸ್ ಅಂದ. ಅಮೆರಿಕದ ಕಾಫಿ ಕಂಪನಿಯೊಂದರ ಕೇಸ್ ಸ್ಟಡಿ ಓದಿದ್ದನಂತೆ, ಆ ಕಾಫಿ ಅವನು ಇವತ್ತಿಗೂ ಕುಡಿದಿಲ್ಲ. "ನಿಮ್ಮಪ್ಪನ ಭತ್ತದ ರೇಟು ಯಾರು ತೀರ್ಮಾನ ಮಾಡ್ತಾರೆ ಅಂತ ಯಾರಾದ್ರೂ ಹೇಳಿಕೊಟ್ರಾ?" ಅಂದೆ. ನಕ್ಕ. "ಅದು ಎಕ್ಸಾಮಿಗೆ ಬರಂಗಿಲ್ಲಣ್ಣ."

ಆ ನಗು ಇನ್ನೂ ತಲೆಯಲ್ಲಿದೆ. ಅದರಿಂದಲೇ ಈ ಬರಹ.

ಮೊದಲೇ ಹೇಳಿಬಿಡ್ತೀನಿ, ವಸೂಲಿ ಕೆಲಸ ಕೀಳು ಅಂತ ನನ್ನ ವಾದ ಅಲ್ಲ. ಸಂಬಳ ಬರುವ ಯಾವ ಕೆಲಸವೂ ಕೀಳಲ್ಲ. ಆದರೆ ಮೈಕ್ರೋಫೈನಾನ್ಸ್ ವಸೂಲಿ ಯಾವ ಮಟ್ಟಕ್ಕೆ ಹೋಯಿತೆಂದರೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯೋದಕ್ಕೆ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹಳ್ಳಿಯ ಹೆಂಗಸರ ಸಾಲದ ಗಣಿತವನ್ನು ಕೂತು ಬಿಡಿಸಬೇಕಾದ ಹುಡುಗ, ಅದೇ ಸಾಲದ ಕಂತಿಗೆ ಬಾಗಿಲು ಬಡಿಯುವ ಹುಡುಗನಾದ. ಅವನಿಗೆ ಡಿಗ್ರಿ ಇತ್ತು, ಬುದ್ಧಿಯೂ ಇತ್ತು. ತನ್ನೂರಿನ ದುಡ್ಡು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅನ್ನೋದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

ನಮ್ಮ ಭಾಗಕ್ಕೆ ಒಂದು ಸರ್ಕಾರಿ ವಿಶ್ವವಿದ್ಯಾಲಯ ಇದೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಗುಲ್ಬರ್ಗ ವಿಶ್ವವಿದ್ಯಾಲಯದಿಂದ ಬೇರೆಯಾಗಿ 2010ರಲ್ಲಿ ಶುರುವಾಯಿತು. 2021ರಲ್ಲಿ ಜಿಲ್ಲೆ ಎರಡಾಗಿ ಹೊಸಪೇಟೆ, ಹಂಪಿ ವಿಜಯನಗರಕ್ಕೆ ಹೋದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ವಿಶ್ವವಿದ್ಯಾಲಯ ಮಾತ್ರ ಎರಡಕ್ಕೂ ಒಂದೇ. ಅಲ್ಲಿ ಎಂಬಿಎ ಇದೆ. ನಮ್ಮ ಚಿಕ್ಕಪ್ಪನ ಮಗನಂಥ ಹುಡುಗರು, ಖಾಸಗಿ ಬಿಸಿನೆಸ್ ಸ್ಕೂಲಿನ ಲಕ್ಷಗಟ್ಟಲೆ ಫೀಸು ಕಟ್ಟಲಾಗದವರು, ಪಿಜಿಸಿಇಟಿ ಬರೆದು ಇಂಥ ಕಡೆ ಸೀಟು ಹುಡುಕುತ್ತಾರೆ. ಹಾಗಾಗಿ ನನ್ನ ಪ್ರಶ್ನೆ ಒಂದು ವಿಭಾಗಕ್ಕೋ ಒಬ್ಬ ಮೇಷ್ಟ್ರಿಗೋ ಅಲ್ಲ. ತೆರಿಗೆ ದುಡ್ಡಿನಲ್ಲಿ ನಡೆಯುವ ಬಿಸಿನೆಸ್ ಸ್ಕೂಲು ಯಾಕಿರಬೇಕು? ಬೆಂಗಳೂರಿನ ಖಾಸಗಿ ಎಂಬಿಎಯ ಕಡಿಮೆ ಬೆಲೆಯ ಜೆರಾಕ್ಸ್ ಆಗೋದಕ್ಕಾ?

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಇದೇ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಸಂಡೂರಿನ ನಂದಿಹಳ್ಳಿಯಲ್ಲಿದೆ. ಅಲ್ಲಿ ಖನಿಜ ಸಂಸ್ಕರಣೆ ಅಂತ ಒಂದು ವಿಭಾಗ. ಅದಿರನ್ನು ಒಡೆಯೋದು, ಜರಡಿ ಹಿಡಿಯೋದು, ಮಣ್ಣಿನಿಂದ ಕಬ್ಬಿಣವನ್ನು ಬೇರೆ ಮಾಡೋದು, ಇದೇ ಪಾಠ. ಅದಿರಿನ ಗುಡ್ಡದ ಮಧ್ಯೆ ಕೂತು ಅದಿರಿನ ಬಗ್ಗೆ ಕಲಿಸಬೇಕು ಅಂತ ವಿಜ್ಞಾನದವರಿಗೆ ಹೊಳೆದಿದೆ. ಅದೇ ಅದಿರನ್ನು ಮಾರೋದು ಹೇಗೆ, ಅದರ ರಾಯಧನ ಯಾರಿಗೆ ಸೇರುತ್ತದೆ, ಅದು ನಿಂತುಹೋದರೆ ಊರಿಗೆ ಏನಾಗುತ್ತದೆ ಅನ್ನೋದು ಮ್ಯಾನೇಜ್‌ಮೆಂಟ್ ಪಾಠ ಯಾಕಾಗಬಾರದು?

ನಾಲ್ಕು ಊರಿನಲ್ಲಿ ಎಷ್ಟು ಪಾಠ ಬಿದ್ದಿದೆ ನೋಡಿ.

ಸಂಡೂರಿನಿಂದಲೇ ಶುರು ಮಾಡೋಣ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು, 2013ರಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಅದಿರು ಇ-ಹರಾಜಿನಲ್ಲೇ ಮಾರಾಟವಾಗಬೇಕು ಅನ್ನುವ ನಿಯಮ ಬಂತು. ಉತ್ಪಾದನೆಗೆ ವರ್ಷಕ್ಕೆ ಇಷ್ಟೇ ಅಂತ ಮಿತಿ ಬಿತ್ತು. 2022ರಲ್ಲಿ ಮತ್ತೆ ನೇರ ಮಾರಾಟಕ್ಕೂ ರಫ್ತಿಗೂ ದಾರಿ ತೆರೆಯಿತು. ಇಷ್ಟರ ಮಧ್ಯೆ ಸಾಲ ಮಾಡಿ ಲಾರಿ ಕೊಂಡವರು ಏನಾದರು? ಕಂಪ್ಲಿ ರಸ್ತೆಯಿಂದ ಹೊಸಪೇಟೆವರೆಗೆ ಸಾಲಾಗಿ ನಿಂತು ತುಕ್ಕು ಹಿಡಿದ ಲಾರಿಗಳನ್ನು ನಾನೇ ನೋಡಿದ್ದೇನೆ. ಅದರ ಒಬ್ಬ ಮಾಲೀಕನ ಮೂರು ವರ್ಷದ ಲೆಕ್ಕದ ಪುಸ್ತಕ ತಂದು ಕ್ಲಾಸಿನಲ್ಲಿ ಬಿಡಿಸಿದರೆ ಅದಕ್ಕಿಂತ ದೊಡ್ಡ ಫೈನಾನ್ಸ್ ಪಾಠ ಯಾವುದಿದೆ? ಗ್ರಾಹಕನೂ ಒಂದೇ, ಸರಕೂ ಒಂದೇ, ಸಾಲ ಮಾತ್ರ ದೊಡ್ಡದು. ರಿಸ್ಕ್ ಅಂದರೆ ಇದೇ ಅಲ್ಲವಾ?

ಇನ್ನೊಂದು ಲೆಕ್ಕ. 2015ರ ಕಾಯ್ದೆ ತಿದ್ದುಪಡಿಯ ನಂತರ ಗಣಿ ಕಂಪನಿಗಳು ಜಿಲ್ಲಾ ಖನಿಜ ನಿಧಿಗೆ ದುಡ್ಡು ಕಟ್ಟಬೇಕು. ಹಳೇ ಗುತ್ತಿಗೆಯಾದರೆ ರಾಯಧನದ ಶೇಕಡಾ 30, ಹರಾಜಿನಲ್ಲಿ ಪಡೆದದ್ದಾದರೆ ಶೇಕಡಾ 10. ಗಣಿ ಬಾಧಿತ ಜನರಿಗೆ ಖರ್ಚಾಗಬೇಕಾದ ದುಡ್ಡು ಅದು. ಎಲ್ಲಿ ಖರ್ಚಾಯಿತು, ಯಾವ ಶಾಲೆಗೆ, ಯಾವ ನೀರಿನ ಟ್ಯಾಂಕಿಗೆ ಅಂತ ವರ್ಷಕ್ಕೊಮ್ಮೆ ಇಪ್ಪತ್ತು ವಿದ್ಯಾರ್ಥಿಗಳು ಹಳ್ಳಿ ಹಳ್ಳಿ ಸುತ್ತಿ ವರದಿ ಬರೆದರೆ, ಅವರಿಗೆ ಪ್ರಾಜೆಕ್ಟೂ ಆಯಿತು, ಊರಿಗೆ ಲೆಕ್ಕವೂ ಸಿಕ್ಕಿತು.

ಕಂಪ್ಲಿಗೆ ಬನ್ನಿ. ನಮ್ಮಪ್ಪ ಭತ್ತ ಬೆಳೆದವರು. ಬೀಜ, ಗೊಬ್ಬರ, ಔಷಧಿಗೆ ದಲಾಲಿ ಅಂಗಡಿಯಿಂದ ಉದ್ರಿ. ಸುಗ್ಗಿಯಲ್ಲಿ ಭತ್ತ ಅದೇ ಅಂಗಡಿಗೆ ಹೋಗಬೇಕು. ಅಲ್ಲಿ ತೇವಾಂಶಕ್ಕೆ ಇಷ್ಟು, ಹಮಾಲಿಗೆ ಇಷ್ಟು, ದಲಾಲಿಗೆ ಇಷ್ಟು ಅಂತ ಕಳೆದು ಕೊನೆಗೆ ಒಂದು ಚೀಟಿ ಕೊಡುತ್ತಿದ್ದರು. ಬಡ್ಡಿ ಅಂತ ಆ ಚೀಟಿಯಲ್ಲಿ ಬರೆದಿರುತ್ತಿರಲಿಲ್ಲ, ರೇಟಿನಲ್ಲೇ ಕಳೆದಿರುತ್ತಿದ್ದರು. ಹಾಗಂತ ದಲಾಲಿಯನ್ನು ಬೈದು ಮುಗಿಸಿದರೆ ಅದೂ ಸೋಮಾರಿತನ. ಬ್ಯಾಂಕು ಕೊಡದ ದಿನ ರಾತ್ರಿ ಹತ್ತಕ್ಕೆ ಆಸ್ಪತ್ರೆ ಖರ್ಚಿಗೆ ದುಡ್ಡು ಕೊಟ್ಟವನೂ ಅವನೇ. ಈ ಸಂಬಂಧದಲ್ಲಿ ಸಾಲ, ಸರಬರಾಜು, ನಂಬಿಕೆ, ಬಲಾತ್ಕಾರ ಎಲ್ಲವೂ ಒಟ್ಟಿಗಿದೆ. ಇದನ್ನು ಬಿಡಿಸಿ ಬರೆದ ಒಂದೇ ಒಂದು ಕೇಸ್ ಸ್ಟಡಿ ನಮ್ಮ ಹುಡುಗನ ಎರಡು ವರ್ಷದಲ್ಲಿ ಇರಲಿಲ್ಲ.

ಹಂಪಿ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದನ್ನು ನೋಡಿಕೊಳ್ಳುವ ಪ್ರಾಧಿಕಾರದ ಹೆಸರಿನಲ್ಲೇ 'ನಿರ್ವಹಣೆ' ಅನ್ನುವ ಪದವಿದೆ. 2011ರಲ್ಲಿ ಹಂಪಿ ಬಜಾರಿನ ಕಲ್ಲು ಮಂಟಪಗಳಲ್ಲಿದ್ದ ಮನೆ ಅಂಗಡಿಗಳನ್ನು ತೆರವು ಮಾಡಿದರು. 2020ರಲ್ಲಿ ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ಹೋದವು. ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರವಾಸಿ ಖರ್ಚು ಮಾಡುವ ನೂರು ರೂಪಾಯಿಯಲ್ಲಿ ಹಂಪಿಯವರ ಕೈಗೆ ಎಷ್ಟು ಉಳಿಯುತ್ತದೆ, ಹೊಸಪೇಟೆ ಹೋಟೆಲಿಗೆ ಎಷ್ಟು, ಬೆಂಗಳೂರಿನ ಆ್ಯಪಿಗೆ ಎಷ್ಟು? ಇದಕ್ಕಿಂತ ಒಳ್ಳೆ ಮಾರ್ಕೆಟಿಂಗ್ ಪ್ರಶ್ನೆ ಹಾಕಿ ತೋರಿಸಿ.

ಹೊಸಪೇಟೆ ಬಗ್ಗೆ ಹೇಳಲೇಬೇಕಾ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ತುಂಬಿದ ಡ್ಯಾಮು, 33 ಗೇಟುಗಳಲ್ಲಿ ಒಂದರ ಚೈನು ತುಂಡಾಗಿತ್ತು. ಮೂರು ರಾಜ್ಯದ ರೈತರು ಉಸಿರು ಬಿಗಿಹಿಡಿದು ಕೂತರು. ತಾತ್ಕಾಲಿಕ ಗೇಟು ಕೂರಿಸುವವರೆಗೆ ನಮ್ಮಪ್ಪ ಟಿವಿ ಮುಂದಿಂದ ಎದ್ದಿರಲಿಲ್ಲ. ಅದು ಎಂಜಿನಿಯರುಗಳ ವಿಷಯ ಅಂತೀರಾ? ನಾನೂ ಎಂಜಿನಿಯರೇ. ಚೈನು ತುಂಡಾಗೋದು ಎಂಜಿನಿಯರಿಂಗು. ಹಳೇ ಭಾಗಗಳನ್ನು ಯಾವಾಗ ಬದಲಿಸಬೇಕು, ಅದರ ದುಡ್ಡು ಯಾವ ರಾಜ್ಯ ಎಷ್ಟು ಕೊಡಬೇಕು, ಯಾರು ಸಹಿ ಹಾಕಬೇಕು ಅನ್ನೋದು ಮ್ಯಾನೇಜ್‌ಮೆಂಟು.

ಈಗ ಬರುವ ಆಕ್ಷೇಪ ನನಗೆ ಗೊತ್ತು, ಯಾಕೆಂದರೆ ನಮ್ಮ ಆಫೀಸಿನ ಕ್ಯಾಂಟೀನಿನಲ್ಲೇ ಕೇಳಿದ್ದೇನೆ. "ಅಂದ್ರೆ ಹಳ್ಳಿ ಹುಡುಗರಿಗೆ ಹಳ್ಳಿ ಎಂಬಿಎ, ಸಿಟಿ ಹುಡುಗರಿಗೆ ಗ್ಲೋಬಲ್ ಎಂಬಿಎ ಅಂತಾನಾ? ನೀನು ಮಾತ್ರ ಬೆಂಗಳೂರಿಗೆ ಬಂದು ಸೆಟ್ಲ್ ಆದೆ, ಅವರು ಅಲ್ಲೇ ಇರಬೇಕಾ?" ಒಳ್ಳೆ ಪ್ರಶ್ನೆ. ಅವರು ಅಲ್ಲೇ ಇರಲಿ ಅಂತ ನಾನು ಹೇಳುತ್ತಿಲ್ಲ. ಸಂಡೂರಿನ ಅದಿರಿನ ಬೆಲೆ ಚೀನಾದ ಉಕ್ಕಿನ ಜೊತೆ ಏರಿ ಇಳಿಯುತ್ತದೆ. ಹಂಪಿಗೆ ಬರುವವನು ಇಸ್ರೇಲಿನಿಂದಲೂ ಬರುತ್ತಾನೆ. ಈ ನಾಲ್ಕು ಊರನ್ನು ಸರಿಯಾಗಿ ಓದಿದವನಿಗೆ ಗ್ಲೋಬಲ್ ಬೇರೆಯಾಗಿ ಕಲಿಸಬೇಕಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಕಂಪನಿಯಲ್ಲಿ ಬಳಕೆದಾರನ ಜೊತೆ ಮಾತಾಡದೆ ಒಂದು ಬಟನ್ ಕೂಡ ಬದಲಿಸೋದಿಲ್ಲ. ಅದನ್ನು ಮಾಡಬಲ್ಲವನಿಗೇ ಇವತ್ತು ಒಳ್ಳೆ ಸಂಬಳ. ನಮ್ಮ ಹುಡುಗನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ನೂರು ಗ್ರಾಹಕರ ಸರ್ವೆ ಇತ್ತು, ನೂರೂ ಫಾರ್ಮು ಹಾಸ್ಟೆಲ್ ರೂಮಿನಲ್ಲಿ ಗೆಳೆಯರು ಕೂತು ತುಂಬಿದ್ದು. ಅವನನ್ನು ಬೈಯೋಕೆ ನನಗೆ ಮುಖ ಇಲ್ಲ. ನನ್ನ ಬಿಇ ಫೈನಲ್ ಇಯರ್ ಪ್ರಾಜೆಕ್ಟನ್ನು ನಾವು ನಾಲ್ವರು ದುಡ್ಡು ಕೊಟ್ಟು ಅಂಗಡಿಯಿಂದ ತಂದಿದ್ದೆವು.

ಮ್ಯಾನೇಜ್‌ಮೆಂಟ್ ಅನ್ನೋದು ಅಮೆರಿಕದಿಂದ ಬಂದ ವಿದ್ಯೆ, ನಮ್ಮಲ್ಲಿ ಉದಾಹರಣೆ ಎಲ್ಲಿದೆ ಅನ್ನುವವರಿಗೆ ಮೂರು ನೆನಪಿಸಬೇಕು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಗದಗ ಸೀಮೆಯ ಕಣಗಿನಹಾಳದಲ್ಲಿ, ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ. ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ, ನಾಲ್ಕಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿ 1928ರಲ್ಲಿ ಉಡುಪಿಯಲ್ಲಿ ಶುರುವಾಗಿದ್ದು. ಗಮನಿಸಿ, ಅಲ್ಲೂ ಒಬ್ಬ ಬಾಗಿಲಿಗೆ ಬರುತ್ತಿದ್ದ, ಆದರೆ ಬಡವನ ಉಳಿತಾಯ ಕಟ್ಟಿಸಲು. ಇನ್ನು ಗುಜರಾತಿನ ಆನಂದದಲ್ಲಿ ಕುರಿಯನ್ ಅವರು 1979ರಲ್ಲಿ ಇರ್ಮಾ ಕಟ್ಟಿದರು. ಹಾಲಿನ ಸಹಕಾರ ಸಂಘಗಳ ಅನುಭವದ ಮೇಲೆ ನಿಂತ ಮ್ಯಾನೇಜ್‌ಮೆಂಟ್ ಶಾಲೆ ಅದು. ಅದನ್ನು ಯಾರೂ 'ಹಳ್ಳಿ ಎಂಬಿಎ' ಅಂತ ಆಡಿಕೊಳ್ಳೋದಿಲ್ಲ. ಆನಂದಕ್ಕೆ ಹಾಲು ಸಿಕ್ಕಿತು. ನಮಗೆ ಅದಿರು, ಭತ್ತ, ನೀರು, ಹಂಪಿ, ಸಂಡೂರಿನ ಲಂಬಾಣಿ ಕಸೂತಿ, ಇಷ್ಟೆಲ್ಲ ಇದೆ.

ಕೊನೆಯದು ಭಾಷೆ. ಪಿಯುಸಿ, ಬಿಕಾಂ ಕನ್ನಡದಲ್ಲಿ ಓದಿ ಬಂದ ಹುಡುಗಿ ಎಂಬಿಎ ಕ್ಲಾಸಿನಲ್ಲಿ ಬಾಯಿ ಬಿಡೋದಿಲ್ಲ. ಬುದ್ಧಿಯಿಲ್ಲ ಅಂತಲ್ಲ, ಇಂಗ್ಲಿಷಿನಲ್ಲಿ ತಪ್ಪಾದರೆ ನಗ್ತಾರೆ ಅಂತ. ಇಂಗ್ಲಿಷ್ ಬೇಡ ಅನ್ನುವ ಮಾತನ್ನು ಇಂಗ್ಲಿಷಿನಿಂದಲೇ ಹೊಟ್ಟೆ ಹೊರೆಯುವ ನಾನು ಹೇಳಿದರೆ ಮೋಸವಾಗುತ್ತದೆ. ಇಂಗ್ಲಿಷ್ ಕಲಿಸಿ, ಚೆನ್ನಾಗಿ ಕಲಿಸಿ. ಆದರೆ ದಲಾಲಿ ಅಂಗಡಿಯ ಚರ್ಚೆ ಕನ್ನಡದಲ್ಲಿ ನಡೆಯಲಿ. ಹಂಪಿಯಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯ ಇದೆ, ಅದಕ್ಕೊಂದು ಪ್ರಸಾರಾಂಗವಿದೆ. ಎರಡು ಸರ್ಕಾರಿ ವಿಶ್ವವಿದ್ಯಾಲಯಗಳು ಇಷ್ಟು ಹತ್ತಿರ ಇದ್ದೂ ಕನ್ನಡದಲ್ಲಿ ಹತ್ತು ಕೇಸ್ ಸ್ಟಡಿಗಳ ಒಂದು ಪುಸ್ತಕ ತರೋದು ದೊಡ್ಡ ಕೆಲಸವಾ?

ಬೇಡಿಕೆ ಸಣ್ಣದು. ಎರಡು ವರ್ಷದ ಎಂಬಿಎಯಲ್ಲಿ ಒಂದು ಸೆಮಿಸ್ಟರನ್ನು ಈ ಊರುಗಳಿಗೆ ಕೊಡಿ. ಮಂಡಿಯಲ್ಲಿ, ಗಣಿ ಹಳ್ಳಿಯಲ್ಲಿ, ಸ್ವಸಹಾಯ ಸಂಘದ ಮೀಟಿಂಗಿನಲ್ಲಿ ಕೂತು ಬರೆದ ವರದಿಗೆ ಮಾರ್ಕ್ಸ್ ಕೊಡಿ. ಆ ವರದಿಯನ್ನು ಆ ಊರಿನವರ ಮುಂದೆ ಕನ್ನಡದಲ್ಲಿ ಓದಿ ಹೇಳೋದೇ ವೈವಾ ಆಗಲಿ. ಸುಳ್ಳು ಸರ್ವೆ ಅಲ್ಲಿ ಐದು ನಿಮಿಷ ನಿಲ್ಲೋದಿಲ್ಲ.

ಇನ್ನು ನಾವು, ಬಳ್ಳಾರಿ ಹೊಸಪೇಟೆ ಬಸ್ಸು ಹತ್ತಿ ಬೆಂಗಳೂರಿಗೆ ಬಂದು ವೈಟ್‌ಫೀಲ್ಡಿನಲ್ಲಿ ಇಎಂಐ ಕಟ್ಟುತ್ತಿರುವವರು. ನಮ್ಮಲ್ಲೂ ಅಕೌಂಟ್ಸ್, ಪ್ರಾಡಕ್ಟ್, ಸಪ್ಲೈ ಚೈನ್ ಗೊತ್ತಿರುವವರು ಎಷ್ಟೋ ಜನರಿದ್ದೇವೆ. ಹಬ್ಬಕ್ಕೆ ಊರಿಗೆ ಹೋದಾಗ ಒಂದು ದಿನ ಕ್ಯಾಂಪಸ್ಸಿಗೂ ಹೋಗಬಹುದು. ನಾನು ಶುರು ಮಾಡಿದ್ದೇನೆ, ಆದರೆ ಮನೆಯಿಂದ. ಅಪ್ಪನ ಟ್ರಂಕಿನಲ್ಲಿ ಹದಿನೆಂಟು ವರ್ಷದ ದಲಾಲಿ ಚೀಟಿಗಳಿವೆ. ಚಿಕ್ಕಪ್ಪನ ಮಗ ಪ್ರತಿ ಭಾನುವಾರ ಅವನ್ನು ಎಕ್ಸೆಲ್‌ಗೆ ಹಾಕಿ ಕಳಿಸುತ್ತಿದ್ದಾನೆ. ಹೋದ ವಾರ ಫೋನ್ ಮಾಡಿ, "ಅಣ್ಣ, ಬಡ್ಡಿ ಲೆಕ್ಕ ಹಾಕಿ ನೋಡಿದೆ. ನಮ್ಮ ಕಂಪನಿಗಿಂತ ದಲಾಲಿ ಕೆಲವು ವರ್ಷ ಕಮ್ಮಿ ತಗೊಂಡಾನ" ಅಂದ. ಅವನ ಎರಡು ವರ್ಷದ ಎಂಬಿಎಯಲ್ಲಿ ಈ ಲೆಕ್ಕ ಹಾಕು ಅಂತ ಯಾರೂ ಹೇಳಿರಲಿಲ್ಲ.